ಗಿಡ್ಡ ವರ್ಣತಂತುವಿನ ಜಾಡು ಹಿಡಿದು

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000ದಷ್ಟು ಬಿಳಿ ರಕ್ತಕಣಗಳಿರುತ್ತವೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಆಸ್ಪತ್ರೆಗಳಲ್ಲಿ ಸಿಎಂಎಲ್ ಎಂದೇ ಕರೆಯುವ ರಕ್ತಕ್ಯಾನ್ಸರ್ ಬಂದವರಲ್ಲಿ ಅದು ಲಕ್ಷ ದಾಟುವುದುಂಟು. ಕೆಲವರು ಸುಸ್ತೆಂದು ಬರುತ್ತಾರೆ, ಕೆಲವರು ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಭಾರವೆಂದು. ಬೇರೆ ಯಾವುದಕ್ಕೋ ರಕ್ತ ಕೊಟ್ಟು, ಆಮೇಲೆ ಗೊತ್ತಾದವರೂ ಇದ್ದಾರೆ. ಒಂದು ಜೀನ್ ಕೆಟ್ಟರೆ ಜೀವಕೋಶದ ನಡತೆ ಹೇಗೆ ಬದಲಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸಿದ ಕಾಯಿಲೆ ಬೇರೊಂದಿಲ್ಲ ಎಂದೇ ನನ್ನ ಎಣಿಕೆ.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತಕೋಶಗಳಲ್ಲಿ ಗಿಡ್ಡಗಾದ ಒಂದು ವರ್ಣತಂತುವನ್ನು ಕಂಡರು. ಉಳಿದ ಭಾಗ ಎಲ್ಲಿ ಹೋಯಿತು? ಉತ್ತರ ಸಿಕ್ಕಿದ್ದು ಷಿಕಾಗೋದ ಜಾನೆಟ್ ರೌಲಿ ಅವರ ಮನೆಯ ಊಟದ ಮೇಜಿನ ಮೇಲೆ. ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ ಜೋಡಿ ಹೊಂದಿಸುತ್ತಿದ್ದ ತಾಯಿಯನ್ನು, ಕಾಗದದ ಬೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ರೇಗಿಸುತ್ತಿದ್ದರಂತೆ. 22ನೇ ವರ್ಣತಂತುವಿನ ತುಂಡು ಕಳೆದಿರಲಿಲ್ಲ, 9ನೆಯದರ ತುದಿಗೆ ಅಂಟಿತ್ತು. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. 9ರ ಸಣ್ಣ ಚೂರೊಂದು 22ಕ್ಕೆ ಬಂದು ಸೇರಿದೆ ಎಂಬುದು ಆಮೇಲೆ ಖಚಿತವಾಯಿತು. ಆ ಚೂರಿನಲ್ಲಿದ್ದ ಎಬಿಎಲ್ ಎಂಬ ಜೀನ್, 22ರಲ್ಲಿದ್ದ ಬಿಸಿಆರ್ ಜೀನಿನೊಂದಿಗೆ ಬೆಸೆದುಕೊಂಡು, ಹುಟ್ಟಿನಿಂದ ದೇಹದಲ್ಲಿ ಇಲ್ಲದ ಹೊಸ ಪ್ರೋಟೀನನ್ನು ತಯಾರಿಸತೊಡಗಿತ್ತು.

ಎಬಿಎಲ್ ಒಂದು ಕಿಣ್ವ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ 'ಕೆಲಸ ಶುರುಮಾಡು' ಎಂಬ ಸಂದೇಶ ಕೊಡುವುದು ಅದರ ಕೆಲಸ. ಅದನ್ನು ಸುಮ್ಮನಿರಿಸುವ ಭಾಗ ಅದರಲ್ಲೇ ಇರುತ್ತದೆ. ಬೆಸುಗೆಯಲ್ಲಿ ಆ ಹಿಡಿತ ತಪ್ಪುತ್ತದೆ. ಸಾಲದ್ದಕ್ಕೆ ಬಿಸಿಆರ್ ಭಾಗವು ಇಂಥ ಪ್ರೋಟೀನುಗಳನ್ನು ಒಂದಕ್ಕೊಂದು ತಂದು ಕೂಡಿಸಿ, ಅವು ಪರಸ್ಪರ ಕೆರಳಿಸುವಂತೆ ಮಾಡುತ್ತದೆ. ಬೆರಳು ತೆಗೆದ ಮೇಲೂ ಬಡಿದುಕೊಳ್ಳುತ್ತಲೇ ಇರುವ ಕರೆಗಂಟೆಯ ಹಾಗೆ ಸಂದೇಶ ನಿಲ್ಲುವುದೇ ಇಲ್ಲ.

ನನಗೆ ಅತ್ಯಂತ ಮುಖ್ಯವೆನಿಸುವುದು ಇದರ ಮುಂದಿನ ಭಾಗ. ಸ್ಟ್ಯಾಟ್5 ಎಂಬ ಪ್ರೋಟೀನು ಫಾಸ್ಫೇಟ್ ಹೊತ್ತು ಕೋಶಕೇಂದ್ರಕ್ಕೆ ನುಗ್ಗಿ, ಡಿಎನ್‌ಎ ಮೇಲೆ ಕೂತು, ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನಿನ ತಯಾರಿಕೆಯನ್ನು ಏರಿಸುತ್ತದೆ. ಹಳೆಯ ಕೋಶ ತಾನಾಗಿ ಸಾಯುವುದನ್ನು ತಡೆಯುವ ಪ್ರೋಟೀನು ಅದು. ಕೋಶವಿಭಜನೆಗೆ ಒತ್ತಾಸೆಯಾಗುವ ಮಿಕ್ ಜೀನೂ ಜೋರಾಗುತ್ತದೆ. ಈ ಜೀನುಗಳಲ್ಲಿ ಒಂದಕ್ಷರವೂ ತಪ್ಪಿಲ್ಲ, ಅವನ್ನು ಓದುವ ಪ್ರಮಾಣ ಮಾತ್ರ ಬದಲಾಗಿದೆ. ಒಂದೆಡೆ ಆದ ಬೆಸುಗೆ, ಕೆಡದೆ ಉಳಿದ ಎಷ್ಟೋ ಜೀನುಗಳ ಕೆಲಸವನ್ನು ಏರುಪೇರು ಮಾಡಿಬಿಡುತ್ತದೆ. ಎಳೆಯ ಕೋಶಗಳು ಅಸ್ಥಿಮಜ್ಜೆಯ ಹಿಡಿತ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಹಾಗೇ ಬಿಟ್ಟರೆ ವರ್ಷಗಳಲ್ಲಿ ಹೊಸ ತಪ್ಪುಗಳು ಸೇರಿ, ಕೋಶಗಳು ಬಲಿಯುವುದನ್ನೇ ಮರೆತು, ಕಾಯಿಲೆ ಉಗ್ರರೂಪ ತಾಳುತ್ತದೆ.

ಮೂಲ ತಪ್ಪು ಒಂದೇ ಆದ್ದರಿಂದ ಗುರಿಯೂ ಒಂದೇ ಆಯಿತು. ಇಮ್ಯಾಟಿನಿಬ್ ಮಾತ್ರೆ ಆ ಕಿಣ್ವಕ್ಕೆ ಶಕ್ತಿ ಒದಗಿಸುವ ಎಟಿಪಿ ಕೂರಬೇಕಾದ ಗೂಡಿನಲ್ಲಿ ತಾನು ಕೂತುಬಿಡುತ್ತದೆ. ಬ್ರಯಾನ್ ಡ್ರುಕರ್ ತಂಡದ ಮೊದಲ ಹಂತದ ಪ್ರಯೋಗದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಹದಕ್ಕೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರೂ ಸುಮ್ಮನಿರಲಿಲ್ಲ. ಕೆಲವರಲ್ಲಿ ಆ ಪ್ರೋಟೀನಿನ 315ನೇ ಸ್ಥಾನದ ಥ್ರಿಯೊನೀನ್ ಜಾಗಕ್ಕೆ ಐಸೊಲ್ಯೂಸೀನ್ ಬಂತು. ಮಾತ್ರೆಗೆ ಗೂಡಿನಲ್ಲಿ ಜಾಗವಿಲ್ಲದಾಯಿತು. ಅದಕ್ಕೆಂದೇ ಪೊನಾಟಿನಿಬ್ ಬಂತು.

ನಮ್ಮಲ್ಲಿ ಕಾದಾಟ ನಡೆದದ್ದು ನ್ಯಾಯಾಲಯದಲ್ಲಿ. ಗ್ಲಿವೆಕ್ ಹೆಸರಿನ ಇಮ್ಯಾಟಿನಿಬ್‌ಗೆ ಪೇಟೆಂಟ್ ಕೋರಿದ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಭಾರತದ ಕಂಪನಿಗಳು ಅಗ್ಗದ ಇಮ್ಯಾಟಿನಿಬ್ ತಯಾರಿಸುತ್ತಾ ಹೋಗಲು ಹಾದಿ ಉಳಿಯಿತು. ದಿನವೂ, ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗೆ ಬೆಲೆಯೂ ಚಿಕಿತ್ಸೆಯ ಭಾಗವೇ.

ಮಜ್ಜೆಯ ಮೂಲೆಯಲ್ಲಿ ವಿಭಜನೆಯಾಗದೆ ಅಡಗಿದ ಕೆಲವು ಮೂಲಕೋಶಗಳು ಮಾತ್ರ ಔಷಧಕ್ಕೆ ಜಗ್ಗುವುದಿಲ್ಲ. ಪಿಸಿಆರ್ ಪರೀಕ್ಷೆಯಲ್ಲೂ ಬೆಸೆದ ಜೀನಿನ ಸುಳಿವು ವರ್ಷಗಳ ಕಾಲ ಸಿಗದವರಿಗೆ ವೈದ್ಯರು ಈಗ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಸುಮಾರು ಅರ್ಧದಷ್ಟು ಜನರಲ್ಲಿ ಕಾಯಿಲೆ ಮರಳುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ. ಆದ್ದರಿಂದ ನಿಲ್ಲಿಸಿದ ಹೊಸತರಲ್ಲಿ ತಿಂಗಳು ತಿಂಗಳೂ ಪರೀಕ್ಷೆ ತಪ್ಪಿಸುವಂತಿಲ್ಲ. ಮರಳಿತೆಂದು ಕಂಡ ಕೂಡಲೇ ಮಾತ್ರೆ ಶುರುಮಾಡಿದರೆ ಬಹುತೇಕರಲ್ಲಿ ಮತ್ತೆ ಹತೋಟಿಗೆ ಬರುತ್ತದೆ.