ಹಳೇ ರಿವಾಲ್ವರಿನ ಜಾತಕ ಓದೋದು ಹೇಗೆ?

ಹಳೇ ಮಿಲಿಟರಿ ರಿವಾಲ್ವರ್ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚೋದು ಹೇಗೆ? ಇವತ್ತು ನಾವು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಮಾರ್ಕ್ 6 ತಗೊಂಡು ನೋಡೋಣ. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ ಆರು ಗುಂಡಿನ ರಿವಾಲ್ವರ್ ಇದು.

ಮೊದಲು ಹಿಡಿ ನೋಡಿ. ಹಿಂದಿನ ಮಾರ್ಕ್‌ಗಳದ್ದು ಸಾಮಾನ್ಯವಾಗಿ ಹಕ್ಕಿಯ ತಲೆ ಥರ ಬಾಗಿರುತ್ತೆ, ಇದರದ್ದು ಚೌಕ. ಆಮೇಲೆ ಮುದ್ರೆಗಳು: ವರ್ಷ, ಸೀರಿಯಲ್ ನಂಬರ್, ಸರ್ಕಾರದ ಆಸ್ತಿ ಅನ್ನೋ ಬಾಣದ ಗುರುತು. ಎರಡು ಬಾಣಗಳು ಮೊನೆಗೆ ಮೊನೆ ಎದುರಾಗಿದ್ದರೆ, ಸೇನೆ ಅದನ್ನ ಮಾರಿದೆ ಅಂತ ಅರ್ಥ.

ಸಿಲಿಂಡರಿನ ಹಿಂಭಾಗ ಅರೆದಿದೆಯಾ? ಹಾಗಿದ್ದರೆ ಅದು ಅಮೆರಿಕಕ್ಕೆ ಹೋಗಿ ಬಂದಿರಬಹುದು. ಅಲ್ಲಿ ಸುಲಭವಾಗಿ ಸಿಗುವ .45 ಎಸಿಪಿ ಗುಂಡು ಹಿಡಿಸಲಿ ಅಂತ ಎಷ್ಟೋ ವೆಬ್ಲಿಗಳನ್ನ ಹೀಗೆ ಅರೆದಿದ್ದಾರೆ. ಆ ಗುಂಡಿನ ಒತ್ತಡ ಮೂಲದ .455 ಗುಂಡಿಗಿಂತ ಜಾಸ್ತಿ, ಸಿಲಿಂಡರ್ ಸಿಡಿಯಬಹುದು.

ನಂಬರನ್ನೇ ಉಜ್ಜಿ ಅಳಿಸಿದ್ದರೆ? ವಿಜ್ಞಾನ ಇರೋದೇ ಇಲ್ಲಿ. ಅಚ್ಚು ಒತ್ತಿದಾಗ ಅಂಕಿಯ ಕೆಳಗಿನ ಉಕ್ಕಿನ ಹರಳುಗಳೂ ಪೆಟ್ಟು ತಿಂದಿರುತ್ತವೆ. ಮೇಲ್ಮೈ ಸವೆದರೂ ಆ ಪೆಟ್ಟು ಒಳಗೆ ಉಳಿಯುತ್ತೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ತಾಮ್ರದ ಕ್ಲೋರೈಡ್ ಇರುವ ದ್ರಾವಣ ಸವರುತ್ತಾರೆ. ಪೆಟ್ಟು ತಿಂದ ಜಾಗ ಸುತ್ತಲಿನದಕ್ಕಿಂತ ಬೇರೆ ವೇಗದಲ್ಲಿ ಕರಗಿ, ಅಂಕಿ ಮಸುಕಾಗಿ ಮೂಡುತ್ತೆ. ತುಂಬಾ ಆಳಕ್ಕೆ ಅರೆದಿದ್ದರೆ ಮಾತ್ರ ಏನೂ ಸಿಗಲ್ಲ.

ಅಜ್ಜನ ಟ್ರಂಕಿನಲ್ಲಿ ಇಂಥದ್ದು ಸಿಕ್ಕರೆ, ಗುಂಡು ತುಂಬಿದೆ ಅಂತಲೇ ತಿಳಿದು, ಮುಟ್ಟದೆ ಪೊಲೀಸರಿಗೆ ಹೇಳಿ. ಪಾಲಿಶ್ ಅಂತೂ ಬೇಡವೇ ಬೇಡ: ಹೊಳಪಿನ ಜೊತೆಗೆ ಮುದ್ರೆಗಳೂ ಸವೆದುಹೋಗುತ್ತವೆ. ಮತ್ತೆ ಸಿಗೋಣ.