ಕಾಂಗಾದಿಂದ ಕಲಿತ ಬಾಸ್

'ಮಂಟೇಕಾ' ಎಂಬ ಜಾಝ್ ಧ್ವನಿಮುದ್ರಿಕೆ ಹಚ್ಚಿದರೆ ಮೊದಲು ಕೇಳುವುದು ಡಿಝಿ ಗಿಲೆಸ್ಪಿಯವರ ಟ್ರಂಪೆಟ್ ಅಲ್ಲ. ಕ್ಯೂಬಾದ ಚಾನೊ ಪೋಸೊ ಕಾಂಗಾ ಎಂಬ ಚರ್ಮವಾದ್ಯ ಬಾರಿಸುತ್ತಾರೆ, ಅದರ ಕೆಳಗೆ ಡಬಲ್ ಬಾಸ್ ಒಂದೇ ಸ್ವರಗುಚ್ಛವನ್ನು ಸುತ್ತಿ ಸುತ್ತಿ ನುಡಿಸುತ್ತದೆ. ಊದುವ ವಾದ್ಯಗಳೆಲ್ಲ ಆಮೇಲೆ ಬರುತ್ತವೆ. 1947ರ ಡಿಸೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಮುದ್ರಣಗೊಂಡ ಆ ಕೃತಿಯ ಬಾಸ್ ವಾದಕರು ಆಲ್ ಮೆಕಿಬನ್.

ಮೆಕಿಬನ್ 1919ರ ಜನವರಿ 1ರಂದು ಶಿಕಾಗೋದಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದವರು. ಬಾಸ್ ವಾದಕ ರೇ ಬ್ರೌನ್ ಬಿಟ್ಟ ಜಾಗಕ್ಕೆ ಗಿಲೆಸ್ಪಿಯವರ ತಂಡ ಸೇರಿದರು. ಆ ತಂಡದ ಬಿಬಾಪ್ ಶೈಲಿಯ ಜಾಝ್‌ನಲ್ಲಿ ಬಾಸ್ ವಾದಕರ ಕೆಲಸ ಕಠಿಣ, ಆದರೆ ದಾರಿ ನೇರ: ನಾಲ್ಕು ಮಾತ್ರೆಯ ಆವರ್ತನದಲ್ಲಿ ಮಾತ್ರೆಗೊಂದು ಸ್ವರ. ಕ್ಯೂಬಾದ ಬಾಸ್ ನಡೆಯಾದ ತುಂಬಾವೊ ಹಾಗಲ್ಲ. ಅಲ್ಲಿ ಬಾಸ್ ಸಮ್ಮನ್ನೇ, ಅಂದರೆ ಆವರ್ತನದ ಮೊದಲ ಮಾತ್ರೆಯನ್ನೇ, ಬಿಟ್ಟುಕೊಡುತ್ತದೆ. ಎರಡನೆಯ ಮಾತ್ರೆ ಕಳೆದ ಅರ್ಧಕ್ಕೊಂದು ಪೆಟ್ಟು, ನಾಲ್ಕಕ್ಕೆ ಇನ್ನೊಂದು. ಮುಂದಿನ ಆವರ್ತನದ ಸ್ವರ ಆ ನಾಲ್ಕರಲ್ಲೇ ಬಂದುಬಿಟ್ಟಿರುತ್ತದೆ. ತಬಲಾದ ಜೊತೆ ಸಮ್ ಕಾಯುತ್ತ ಬೆಳೆದ ನಮ್ಮ ಕಿವಿಗೆ ಮೊದಮೊದಲು ನೆಲವೇ ಸರಿದಂತಾಗುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗೀಗೀ ಮೇಳ ಕೇಳಿದವರಿಗೆ ಹೀಗೆ ಕೆಳಗಿನಿಂದ ಲಯ ಹೊರುವ ಬಾಸ್ ವಾದಕರ ಜವಾಬ್ದಾರಿಯ ತೂಕ ಬೇಗ ತಿಳಿದೀತು. ದಪ್ಪು ಹಿಡಿದವರು ಮುಂದೆ ನಿಂತು ಪದ ಎತ್ತಿದರೆ, ಹಿಂದಿನ ತುಂತುಣಿಯವರು ಒಂದೇ ತಂತಿಯಲ್ಲಿ ಶ್ರುತಿಯನ್ನೂ ಲಯವನ್ನೂ ಕಾಯುತ್ತಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1930ರ ದಶಕದಲ್ಲಿ 'ಜೀವನ ಸಂಗೀತ' ಸಂಕಲನ ತಂದು ಈ ಸೀಮೆಯ ಲಾವಣಿಗಳನ್ನು ಉಳಿಸಿಕೊಟ್ಟರು. ಆ ಋಣ ದೊಡ್ಡದು. ಆದರೆ ತುಂತುಣಿ ಮೀಟುವ ಬೆರಳಿನ ವಿದ್ಯೆ ಪುಸ್ತಕಕ್ಕೆ ಇಳಿಯುವಂಥದ್ದಲ್ಲ. ಪಕ್ಕದಲ್ಲಿ ಕೂತೇ ಕಲಿಯಬೇಕು.

ಮೆಕಿಬನ್ ಕಲಿತದ್ದೂ ಹಾಗೆಯೇ. ಪೋಸೊ ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ತಂಡ ಬಸ್ಸಿನಲ್ಲಿ ಊರೂರು ತಿರುಗುವಾಗ ಅವರು ಜೊತೆಗಾರರಿಗೆ ಒಂದೊಂದು ಲಯ ಬಾರಿಸಲು ಕಲಿಸುತ್ತಿದ್ದರು. ಮೆಕಿಬನ್ ಕಾಂಗಾವನ್ನೇ ಕಲಿತರು. ಚರ್ಮವಾದ್ಯದ ನಡೆ ಕೈಗೆ ಹತ್ತಿದ ಮೇಲೆ ತಂತಿಗೆ ಬಂತು. ಆ ಪಾಠ ಹೆಚ್ಚು ಕಾಲ ನಡೆಯಲಿಲ್ಲ. 1948ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೋಸೊ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 33.

ಕಲಿತದ್ದನ್ನು ಮೆಕಿಬನ್ ಹಂಚುತ್ತ ಹೋದರು. ಅವರು ಬಾಸ್ ನುಡಿಸಿದ, ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಅವರ ಕ್ವಿಂಟೆಟ್‌ಗೆ 1950ರ ದಶಕದಲ್ಲಿ ಕಾಂಗಾ ಬಂತು. ಅದೇ ತಂಡದ ವೈಬ್ರಫೋನ್ ವಾದಕ ಕ್ಯಾಲ್ ಜೇಡರ್ ಅವರಿಗೆ ನ್ಯೂಯಾರ್ಕಿನ ಲ್ಯಾಟಿನ್ ತಂಡಗಳ ಪರಿಚಯ ಮಾಡಿಸಿದವರೂ ಇವರೇ. ಮುಂದೆ ಜೇಡರ್ ಕಟ್ಟಿದ ತಂಡದಲ್ಲಿ ಮೆಕಿಬನ್ ತಾಳವಾದ್ಯಗಾರರಾದ ಮಾಂಗೊ ಸಾಂಟಮಾರಿಯಾ, ವಿಲ್ಲಿ ಬೊಬೊ ಜೊತೆ ನುಡಿಸಿದರು. ಪಿಯಾನೊ ವಾದಕ ಮಂಕ್, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆಗಿನ ಮುದ್ರಣಗಳೂ ಇವೆ. ಆದರೆ ಅವರ ತನ್ನತನ ಲ್ಯಾಟಿನ್ ಜಾಝ್‌ನಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂದದ್ದು 1999ರಲ್ಲಿ; ಆಗ ಅವರ ವಯಸ್ಸು 80. ಅದನ್ನು ತಮ್ಮ ಬದುಕಿನ ಕಾಂಗಾ ವಾದಕರಿಗೆ ಅರ್ಪಿಸಿದರು. ಎರಡನೆಯದು, 'ಬ್ಲ್ಯಾಕ್ ಆರ್ಕಿಡ್', 2004ರಲ್ಲಿ ಬಂತು. ಮರುವರ್ಷ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.