ಕಾಲ ತುದಿಯಲ್ಲಿ ತಾಳ: ಒಂಟಿ ಕಲಾವಿದರಿಗೆ ಪೆಡಲ್ ಸಾಥ್

ಹಾಡುವವರೇ ಕಾಲಿನಿಂದ ಲಯ ಹಿಡಿಯುವುದು ಕನ್ನಡಿಗರಿಗೆ ಹೊಸದೇನಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತಾ ಹಾಡಿದ ದಾಸರ ಪರಂಪರೆ ನಮ್ಮದು. ಕಂಪನಿ ನಾಟಕಗಳಲ್ಲಿ ಕಾಲಿನಿಂದ ತಿದಿ ಒತ್ತುತ್ತಾ ಎರಡೂ ಕೈಗಳಿಂದ ನುಡಿಸುವ ಲೆಗ್ ಹಾರ್ಮೋನಿಯಂ ಇತ್ತು. ಇಂದು ಅದೇ ಕಾಲಿನ ಕೆಳಗೆ ಇಡೀ ಡ್ರಮ್ ಸೆಟ್ಟನ್ನೇ ತಂದಿಡುವ ಪುಟ್ಟ ಪೆಡಲ್‌ಗಳು ಬಂದಿವೆ.

ಹೊರನಾಡಿನ ಕನ್ನಡ ಸಂಘಗಳ ತಿಂಗಳ ಕಾರ್ಯಕ್ರಮಗಳಿಗೆ ಪೂರ್ಣ ವಾದ್ಯವೃಂದವನ್ನು ಕರೆಸುವುದು ಎಲ್ಲ ಸಲವೂ ಸಾಧ್ಯವಾಗದು. ಆಗ ನೆರವಿಗೆ ಬರುವುದು ಕರೋಕೆ. ಆದರೆ ಕರೋಕೆಯ ಓಟ ಮೊದಲೇ ನಿಗದಿಯಾಗಿರುತ್ತದೆ. ಸಭಿಕರು ತಲೆದೂಗಿದ ಚರಣವನ್ನು ಇನ್ನೊಮ್ಮೆ ಹಾಡೋಣವೆಂದರೆ ಟ್ರ್ಯಾಕ್ ಕಾಯುವುದಿಲ್ಲ. ಈ ಸ್ವಾತಂತ್ರ್ಯವನ್ನು ಗಾಯಕರಿಗೆ ಮರಳಿಸುವುದೇ ಡ್ರಮ್ ಪೆಡಲ್‌ನ ನಿಜವಾದ ಉಪಯೋಗ.

ಕೆಲಸ ಮಾಡುವ ಬಗೆ

2013ರ ಕೊನೆಯಲ್ಲಿ ಅಮೆರಿಕದ ಸಿಂಗ್ಯುಲರ್ ಸೌಂಡ್ ಸಂಸ್ಥೆ ಜನರಿಂದಲೇ ಮುಂಗಡ ಹಣ ಸಂಗ್ರಹಿಸಿ ರೂಪಿಸಿದ ‘ಬೀಟ್‌ಬಡ್ಡಿ’ ಇದಕ್ಕೊಂದು ಉತ್ತಮ ಉದಾಹರಣೆ. ಒಮ್ಮೆ ಒತ್ತಿದರೆ ತಾಳ ಆರಂಭ. ನಡುವೆ ಮತ್ತೊಮ್ಮೆ ತಟ್ಟಿದರೆ ಡ್ರಮ್ ವಾದಕರು ‘ಫಿಲ್’ ಎನ್ನುವ ಚಿಕ್ಕ ಉರುಳಿಕೆ ಬಂದು, ಆವರ್ತನ ಮುಗಿಯುತ್ತಲೇ ಮೂಲ ನಡೆಗೆ ಮರಳುತ್ತದೆ. ಒತ್ತಿ ಹಿಡಿದು ಬಿಟ್ಟರೆ ಮುಂದಿನ ಆವರ್ತನದಿಂದ ಹೊಸ ನಡೆ. ಬೇಗನೆ ಎರಡು ಸಲ ತಟ್ಟಿದರೆ ಮುಕ್ತಾಯ. ಹೀಗೆ ಪಲ್ಲವಿಗೊಂದು, ಚರಣಕ್ಕೊಂದು ನಡೆಯನ್ನು ಕೈ ಗಿಟಾರ್ ಬಿಡದೆಯೇ ಆರಿಸಿಕೊಳ್ಳಬಹುದು.

ವೇಗ ಹೊಂದಿಸಲು ಹಾಡಿನ ಗತಿಗೆ ತಕ್ಕಂತೆ ಕೆಲವು ಬಾರಿ ತಟ್ಟಿದರೆ ಸಾಕು. ಹಲವು ಉಪಕರಣಗಳನ್ನು ಒಂದೇ ಗತಿಯಲ್ಲಿ ನಡೆಸುವ ಕೆಲಸ 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಪದ್ಧತಿಯದು. ಇದರಲ್ಲಿ ಪ್ರತಿ ಪೆಟ್ಟಿಗೆ 24 ಸೂಕ್ಷ್ಮ ಸಂಕೇತಗಳು ಹರಿಯುತ್ತವೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಸೆಕೆಂಡಿಗೆ 48 ಸಂಕೇತ. ಹೀಗಾಗಿ ಡ್ರಮ್, ಕೀಬೋರ್ಡ್, ಎಕೋ ಎಲ್ಲವೂ ಒಟ್ಟಿಗೇ ಸಾಗುತ್ತವೆ.

ಇದರ ಸೋದರನೇ ಲೂಪ್ ಪೆಡಲ್. 2024ರ ಮಾರ್ಚ್‌ನಲ್ಲಿ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಹಾಡಿದ ಎಡ್ ಶೀರನ್ ಜಗತ್ತಿನಾದ್ಯಂತ ಹೆಸರಾಗಿರುವುದು ಈ ಲೂಪ್ ಪೆಡಲ್ ಬಳಕೆಗೆ. ಅಲ್ಲಿ ಕಲಾವಿದರು ತಾವೇ ನುಡಿಸಿದ್ದನ್ನು ವೇದಿಕೆಯಲ್ಲೇ ದಾಖಲಿಸಿ ಸುತ್ತಿಸುತ್ತಾರೆ. ಡ್ರಮ್ ಪೆಡಲ್‌ನಲ್ಲಿ ನಡೆಗಳು ಮೊದಲೇ ಸಿದ್ಧವಿರುತ್ತವೆ.

ನಮ್ಮ ಹಾಡಿಗೆ ಒಗ್ಗೀತೇ?

ಇಂತಹ ಪೆಡಲ್‌ಗಳ ಸಿದ್ಧ ನಡೆಗಳಲ್ಲಿ ಹೆಚ್ಚಿನವು ರಾಕ್, ಜಾಝ್‌ನಂತಹ ಪಾಶ್ಚಾತ್ಯ ಶೈಲಿಯವು. ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ ಲೆಕ್ಕಕ್ಕೆ ಹೊಂದಿದರೂ ಠೇಕಾದ ಸೊಗಸು ಅಲ್ಲಿ ಸಿಗದು. ಬೀಟ್‌ಬಡ್ಡಿಯಂತಹ ಪೆಡಲ್‌ಗೆ ಕಂಪ್ಯೂಟರ್ ಮೂಲಕ ಬೇರೆ ನಡೆ, ಬೇರೆ ವಾದ್ಯದ ಧ್ವನಿಗಳನ್ನು ತುಂಬಲು ಅವಕಾಶವಿದೆ. ನಮ್ಮ ತಾಳಗಳಿಗೆಂದೇ ಯಂತ್ರ ರೂಪಿಸಿದ ಹೆಮ್ಮೆಯೂ ಕರ್ನಾಟಕಕ್ಕಿದೆ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ್ ಕಟ್ಟಿದ ಬೆಂಗಳೂರಿನ ರೇಡಲ್ ಸಂಸ್ಥೆಯ ‘ತಾಳಮಾಲಾ’ ಎಲೆಕ್ಟ್ರಾನಿಕ್ ತಬಲಾ ಸಂಗೀತ ವಿದ್ಯಾರ್ಥಿಗಳಿಗೆ ಚಿರಪರಿಚಿತ.

ಆದರೆ ಯಾವ ಯಂತ್ರಕ್ಕೂ ಒಂದು ಮಿತಿಯಿದೆ. ಯಕ್ಷಗಾನದಲ್ಲಿ ಭಾಗವತರು ಗತಿ ಬದಲಿಸಿದ ಕ್ಷಣವೇ ಚೆಂಡೆ ಮದ್ದಳೆಯವರು ಅದನ್ನು ಹಿಡಿಯುತ್ತಾರೆ. ಪೆಡಲ್ ಹಾಗೆ ಗಾಯಕರನ್ನು ಆಲಿಸುವುದಿಲ್ಲ. ಒಮ್ಮೆ ಗತಿ ಕೊಟ್ಟ ಮೇಲೆ ಗಾಯಕರೇ ಅದನ್ನು ಹಿಂಬಾಲಿಸಬೇಕು. ಉಸಿರಿಗಾಗಿ ಒಂದು ಮಾತ್ರೆ ತಡೆದರೆ ತಾಳ ಮುಂದೆ ಹೋಗಿಯೇ ಬಿಡುತ್ತದೆ. ಆದ್ದರಿಂದ ಭಾವಗೀತೆಯ ಆರಂಭದ ಆಲಾಪದಂತಹ ಭಾಗಕ್ಕೆ ಪೆಡಲ್ ಮೌನವಾಗಿರುವುದೇ ಲೇಸು.

ಸಂಘಟಕರು ಗಮನಿಸಬೇಕಾದದ್ದು

ಪೆಡಲ್‌ನ ಧ್ವನಿಯನ್ನು ಗಿಟಾರ್ ಆಂಪ್ಲಿಫೈಯರ್‌ಗೆ ಕೊಡದೆ ನೇರವಾಗಿ ಮಿಕ್ಸರ್‌ಗೆ ಕೊಟ್ಟರೆ ದಪ್ಪ ಡ್ರಮ್‌ನ ನಾದ ಸರಿಯಾಗಿ ಕೇಳಿಸುತ್ತದೆ. ಗಾಯಕರ ಎದುರಿಗೊಂದು ಮಾನಿಟರ್ ಸ್ಪೀಕರ್ ಅಗತ್ಯ. ತಾಳ ಕೇಳಿಸದಿದ್ದರೆ ಹಾಡು ಜಾರುವುದು ಖಚಿತ. ಪೆಡಲ್ ಸರಿಯದಂತೆ ನೆಲಕ್ಕೆ ಟೇಪು ಹಚ್ಚಬೇಕು. ಸೀರೆಯ ನೆರಿಗೆ, ಪಂಚೆಯ ಅಂಚು ಪೆಡಲನ್ನು ಮುಚ್ಚದಂತೆ ಕಲಾವಿದರೂ ಎಚ್ಚರ ವಹಿಸಬೇಕು. ಕಾಲಿನ ಅಭ್ಯಾಸವೂ ಗಂಟಲಿನ ಅಭ್ಯಾಸದಷ್ಟೇ ಮುಖ್ಯ. ನಡೆ ಬದಲಿಸಲು ಆವರ್ತನ ಮುಗಿಯುವ ಮೊದಲೇ ಒತ್ತಬೇಕೆಂಬುದು ಮೈಗೂಡಬೇಕು.

ಇಷ್ಟಾದರೂ ಗಾಯಕರ ಮುಖ ನೋಡಿ ನುಡಿಸುವ ತಬಲಾ ವಾದಕರ ಸ್ಥಾನವನ್ನು ಪೆಡಲ್ ತುಂಬಲಾರದು. ಊರು ಬಿಟ್ಟು ಬಂದು ವಾದ್ಯವನ್ನೇ ನೆಚ್ಚಿಕೊಂಡಿರುವ ಕಲಾವಿದರಿಗೆ ಸಂಘಗಳ ವೇದಿಕೆಯೇ ಆಸರೆ. ವಾರ್ಷಿಕೋತ್ಸವ, ರಾಜ್ಯೋತ್ಸವಗಳ ಬಜೆಟ್‌ನಲ್ಲಿ ಅವರ ಸಂಭಾವನೆಗೆ ಮೊದಲ ಸ್ಥಾನವಿರಲಿ. ಅದಕ್ಕೆ ಅನುಕೂಲವಿಲ್ಲದ ಪುಟ್ಟ ಸಂಜೆಗಳಲ್ಲಿ, ಒಂಟಿಯಾಗಿ ಹಾಡಲು ನಿಂತ ಯುವ ಪ್ರತಿಭೆಗೆ ಈ ಪೆಡಲ್ ಜತೆಯಾದರೆ ಆ ಹಾಡು ಕರೋಕೆಯ ಹಿಂದೆ ಓಡಬೇಕಾಗಿಲ್ಲ.